ಯಂತ್ರದ ಮುಂದೆ ಕೂತವರನ್ನು ಓದಿದವರು

1980ರ ದಶಕದ ಆರಂಭದಲ್ಲಿ ಚಿತ್ರೀಕರಿಸಿದ ಒಂದು ವಿಡಿಯೊ. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿರುವ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ 'ಪಾರ್ಕ್'ನಲ್ಲಿ ಇಬ್ಬರು ಗಂಡಸರು ಹೊಸ ನಕಲು ಯಂತ್ರವೊಂದರ ಮುಂದೆ ನಿಂತಿದ್ದಾರೆ. ಹಾಳೆಯ ಎರಡೂ ಬದಿಗೆ ಪ್ರತಿ ತೆಗೆಯಬೇಕು, ಅಷ್ಟೇ ಕೆಲಸ. ಯಂತ್ರದ ಸೂಚನೆ ಓದುತ್ತಾರೆ, ತಮ್ಮತಮ್ಮಲ್ಲೇ ಚರ್ಚಿಸುತ್ತಾರೆ, ಗುಂಡಿ ಒತ್ತುತ್ತಾರೆ. ಬೇಕಾದದ್ದು ಬರುವುದಿಲ್ಲ. ಮತ್ತೆ ಓದುತ್ತಾರೆ, ಮತ್ತೆ ಒತ್ತುತ್ತಾರೆ. ಇಬ್ಬರಲ್ಲಿ ಒಬ್ಬರು ಆಲನ್ ನ್ಯೂವೆಲ್. ಕೃತಕ ಬುದ್ಧಿಮತ್ತೆ ಎಂಬ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರು, 1975ರ ಟ್ಯೂರಿಂಗ್ ಪ್ರಶಸ್ತಿ ಪಡೆದವರು. ಇನ್ನೊಬ್ಬರು ರಾನ್ ಕಪ್ಲಾನ್, ಭಾಷೆ ಮತ್ತು ಕಂಪ್ಯೂಟರಿನ ಸಂಬಂಧದಲ್ಲಿ ದೊಡ್ಡ ಹೆಸರು. ಇಂಥವರಿಗೇ ಒಗ್ಗದ ಯಂತ್ರ ಕಚೇರಿಯ ಗುಮಾಸ್ತರ ಕೈಯಲ್ಲಿ ಹೇಗೆ ನಡೆದೀತು?

ಆ ದೃಶ್ಯವನ್ನು ಸೆರೆಹಿಡಿದಾಕೆ ಲೂಸಿ ಸಚ್‌ಮನ್. ಆಗ ಆಕೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರ ವಿಭಾಗದಲ್ಲಿ ಸಂಶೋಧನಾ ವಿದ್ಯಾರ್ಥಿನಿ. 'ಹ್ಯೂಮನ್ ಕಂಪ್ಯೂಟರ್ ಇಂಟರ್‍ಯಾಕ್ಷನ್', ಚಿಕ್ಕದಾಗಿ ಎಚ್‌ಸಿಐ ಎಂದು ಇಂದು ಕರೆಯುವ ಕ್ಷೇತ್ರದ ದಿಕ್ಕನ್ನೇ ಬದಲಿಸಿದ ಪ್ರಬಂಧ ಹುಟ್ಟಿದ್ದು ಕಂಪ್ಯೂಟರ್ ವಿಜ್ಞಾನ ವಿಭಾಗದಲ್ಲಿ ಅಲ್ಲ ಎಂಬುದನ್ನು, ಈ ಹಾದಿ ಹಿಡಿಯಬೇಕೆಂದಿರುವ ಯಾವ ವಿದ್ಯಾರ್ಥಿಯೂ ಮೊದಲು ತಿಳಿದುಕೊಳ್ಳಬೇಕು.

ಮಾನವಶಾಸ್ತ್ರದ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆಂದು ದೂರದ ದ್ವೀಪಗಳಿಗೋ ಬುಡಕಟ್ಟುಗಳ ಹಾಡಿಗಳಿಗೋ ಹೋಗುತ್ತಿದ್ದ ಕಾಲ ಅದು. ಸಚ್‌ಮನ್ ತನ್ನದೇ ದೇಶದ ಕಂಪನಿಗಳ ಒಳಗನ್ನು ನೋಡಲು ಹೊರಟರು. 1979ರಲ್ಲಿ ಪಾರ್ಕ್ ಸೇರಿದಾಗ ಕಚೇರಿಯ ಕೆಲಸವನ್ನೆಲ್ಲ ಕಂಪ್ಯೂಟರಿಗೆ ಹತ್ತಿಸುವ ಉತ್ಸಾಹ ಅಲ್ಲಿ ತುಂಬಿತ್ತು. ಎಂಜಿನಿಯರುಗಳ ನಂಬಿಕೆ ಸರಳವಾಗಿತ್ತು: ಕಚೇರಿಗೆ ಒಂದು ಕಾರ್ಯವಿಧಾನವಿರುತ್ತದೆ, ಮೊದಲು ಇದು, ಆಮೇಲೆ ಅದು, ಆ ಸಾಲನ್ನು ಪ್ರೋಗ್ರಾಮ್ ಮಾಡಿಬಿಟ್ಟರೆ ಆಯಿತು. ಸಚ್‌ಮನ್ ಲೆಕ್ಕಪತ್ರ ವಿಭಾಗವೊಂದರಲ್ಲಿ ಕೂತು ಗಮನಿಸಿದರು. ಹಣ ಪಾವತಿಯಾಗದೆ ಉಳಿದ ಬಿಲ್ಲೊಂದರ ಹಿಂದಿನ ಕಾಗದ ಸಿಗುತ್ತಿಲ್ಲ. ಇಬ್ಬರು ಸಿಬ್ಬಂದಿ ಇದ್ದಬದ್ದ ಚೀಟಿಗಳನ್ನು ಜೋಡಿಸಿ, ಏನು ನಡೆದಿರಬಹುದೆಂದು ಊಹಿಸಿ, ಕೊನೆಗೆ ಕಡತವನ್ನು 'ವಿಧಾನದ ಪ್ರಕಾರವೇ' ಇರುವಂತೆ ಸರಿಮಾಡುತ್ತಾರೆ. ಕೆಲಸ ವಿಧಾನದಿಂದ ಹೊರಟಿರಲಿಲ್ಲ. ಅವರ ಕೆಲಸದ ಫಲವಾಗಿ ವಿಧಾನ ಕಾಗದದ ಮೇಲೆ ಮೂಡಿತ್ತು. ತಾಲ್ಲೂಕು ಕಚೇರಿಯಲ್ಲಿ ಒಂದು ಬೆಳಗು ಕಳೆದ ಯಾರಿಗೂ ಇದು ಹೊಸ ಸಂಗತಿಯಲ್ಲ. ಆದರೆ ಅಂದಿನ ಕಂಪ್ಯೂಟರ್ ಲೋಕಕ್ಕೆ ಹೊಸದು.

ನಕಲು ಯಂತ್ರದ ಪ್ರಯೋಗದಲ್ಲಿ ಆಕೆ ಮಾಡಿದ ಒಂದು ಆಯ್ಕೆ ಮೆಚ್ಚತಕ್ಕದ್ದು. ಬಳಕೆದಾರರನ್ನು ಒಬ್ಬೊಬ್ಬರಾಗಿ ಕೂರಿಸದೆ ಜೋಡಿಯಾಗಿ ಕೂರಿಸಿದರು. ಒಬ್ಬರೇ ಇದ್ದರೆ ಯೋಚನೆ ತಲೆಯೊಳಗೇ ಉಳಿಯುತ್ತದೆ. ಇಬ್ಬರಿದ್ದರೆ ಮಾತಾಗಿ ಹೊರಬರುತ್ತದೆ. ಆ ಮಾತು, ಕೈಯಾಟ, ಯಂತ್ರದ ಪ್ರತಿಕ್ರಿಯೆ ಎಲ್ಲವನ್ನೂ ನಾಲ್ಕು ಅಂಕಣಗಳಲ್ಲಿ ಬರೆದರು. ಬಳಕೆದಾರರು ಮಾಡಿದ್ದರಲ್ಲಿ ಯಂತ್ರಕ್ಕೆ ಕಾಣದ್ದು ಒಂದರಲ್ಲಿ, ಕಂಡದ್ದು ಇನ್ನೊಂದರಲ್ಲಿ. ಯಂತ್ರದಿಂದ ಬಳಕೆದಾರರಿಗೆ ಕಂಡ ಪರಿಣಾಮ ಮೂರನೆಯದರಲ್ಲಿ, ಆ ಪರಿಣಾಮದ ಹಿಂದೆ ವಿನ್ಯಾಸಕರು ಇಟ್ಟುಕೊಂಡಿದ್ದ ತರ್ಕ ನಾಲ್ಕನೆಯದರಲ್ಲಿ. ಹೀಗೆ ಬಿಡಿಸಿಟ್ಟಾಗ ಸಮಸ್ಯೆ ಕಣ್ಣಿಗೆ ರಾಚುವಂತಾಯಿತು. ಮೊದಲ ಅಂಕಣ ತುಂಬಿ ತುಳುಕುತ್ತಿತ್ತು: ಅನುಮಾನ, ವಾದ, ತಪ್ಪು ತಿಳಿವಳಿಕೆ, ಬೆರಳು ತೋರಿಸಿ ಕೇಳಿದ ಪ್ರಶ್ನೆ. ಎರಡನೆಯದರಲ್ಲಿ ಬಹುಪಾಲು ಖಾಲಿ. ಅಲ್ಲೊಂದು ಮುಚ್ಚಳ ತೆರೆದದ್ದು, ಇಲ್ಲೊಂದು ಗುಂಡಿ ಒತ್ತಿದ್ದು. ಯಂತ್ರಕ್ಕೆ ಸಿಗುತ್ತಿದ್ದದ್ದು ಅಷ್ಟು ಮಾತ್ರ. ಅದೇ ಸೂಚನೆ ಪರದೆಯ ಮೇಲೆ ಎರಡನೇ ಸಲ ಬಂದರೆ 'ಮುಂದಿನ ಪುಟಕ್ಕೂ ಹೀಗೇ ಮಾಡಿ' ಎಂದೋ, 'ನೀವು ಮಾಡಿದ್ದು ತಪ್ಪು, ಇನ್ನೊಮ್ಮೆ ಮಾಡಿ' ಎಂದೋ ತಿಳಿಯದೆ ಜೋಡಿಗಳು ಒದ್ದಾಡಿದವು. ಎದುರಿಗೆ ಮನುಷ್ಯನಿದ್ದಿದ್ದರೆ ಮುಖ ನೋಡಿಯೇ ಗೊತ್ತಾಗುತ್ತಿತ್ತು.

1984ರಲ್ಲಿ ಡಾಕ್ಟರೇಟ್ ಬಂತು. 1987ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಪ್ರಕಾಶನ ಆ ಪ್ರಬಂಧವನ್ನು 'ಪ್ಲಾನ್ಸ್ ಅಂಡ್ ಸಿಚುಯೇಟೆಡ್ ಆ್ಯಕ್ಷನ್ಸ್' ಎಂಬ ಪುಸ್ತಕವಾಗಿ ಹೊರತಂದಿತು. ಯೋಜನೆ ಎಂಬುದು ಕೆಲಸವನ್ನು ನಡೆಸುವ ಚಾಲಕನಲ್ಲ, ಕೆಲಸ ಮಾಡುವವರು ಸಂದರ್ಭಕ್ಕೆ ತಕ್ಕಂತೆ ಬಳಸುವ ಒಂದು ಆಸರೆ ಎಂಬುದು ಅದರ ವಾದ. ಸಚ್‌ಮನ್ ಸುಮಾರು 20 ವರ್ಷ ಪಾರ್ಕ್‌ನಲ್ಲೇ ಇದ್ದು ನಂತರ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಅದೇ ವರ್ಷಗಳಲ್ಲಿ ಅಮೆರಿಕದ ಪೂರ್ವ ತೀರದಲ್ಲಿ ಇನ್ನೊಬ್ಬ ಮಹಿಳೆ ವಿರುದ್ಧ ದಿಕ್ಕಿನಿಂದ ಇದೇ ಪ್ರಶ್ನೆಗೆ ಬಂದು ಮುಟ್ಟಿದರು. ಐರೀನ್ ಗ್ರೀಫ್ 1975ರಲ್ಲಿ ಎಂಐಟಿಯಿಂದ ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್‌.ಡಿ. ಪಡೆದರು, ಆ ಸಂಸ್ಥೆಯಲ್ಲಿ ಈ ವಿಷಯದಲ್ಲಿ ಡಾಕ್ಟರೇಟ್ ಪಡೆದ ಮೊದಲ ಮಹಿಳೆ. ಅವರ ಪ್ರಬಂಧ ಶುದ್ಧ ಸಿದ್ಧಾಂತ: ಏಕಕಾಲಕ್ಕೆ ನಡೆಯುವ ಹಲವು ಗಣನಾ ಪ್ರಕ್ರಿಯೆಗಳು ಪರಸ್ಪರ ಸಂದೇಶ ಕಳಿಸಿಕೊಳ್ಳುವುದನ್ನು ಗಣಿತದಲ್ಲಿ ಹೇಗೆ ಹಿಡಿಯುವುದು ಎಂಬ ಬಗ್ಗೆ. ಅಲ್ಲಿಂದ ಕೆಲವೇ ವರ್ಷಗಳಲ್ಲಿ ಅವರ ಆಸಕ್ತಿ ಪ್ರಕ್ರಿಯೆಗಳಿಂದ ಜನರ ಕಡೆ ಹೊರಳಿತು. ಅವರ ವಿದ್ಯಾರ್ಥಿ ಸುನಿಲ್ ಸರೀನ್ ರೂಪಿಸಿದ 'ಆರ್‌ಟಿಕ್ಯಾಲ್' ಎಂಬ ವ್ಯವಸ್ಥೆಯಲ್ಲಿ ಬೇರೆಬೇರೆ ಕೊಠಡಿಗಳಲ್ಲಿ ಕೂತವರು ಫೋನಿನಲ್ಲಿ ಮಾತಾಡುತ್ತ, ಒಂದೇ ಕ್ಯಾಲೆಂಡರನ್ನು ತಮ್ಮತಮ್ಮ ಪರದೆಗಳಲ್ಲಿ ನೋಡುತ್ತ ಸಭೆಯ ದಿನ ಗೊತ್ತುಮಾಡಬಹುದಿತ್ತು. ನನ್ನ ಬಿಡುವಿಲ್ಲದ ವೇಳೆ ಇತರರಿಗೆ ಕಾಣುತ್ತದೆ, ಯಾಕೆ ಬಿಡುವಿಲ್ಲ ಎಂಬ ವಿವರ ನನಗೆ ಮಾತ್ರ. ಒಂದು ಹೊತ್ತಿಗೆ ಒಬ್ಬರ ಕೈಯಲ್ಲಿ ನಿಯಂತ್ರಣ. ಬೇಕಾದವರು ಕೇಳಿ ಪಡೆಯಬೇಕು. ಇಂದು ಪರದೆ ಹಂಚಿಕೊಂಡು ಸಭೆ ನಡೆಸುವ ಪ್ರತಿಯೊಬ್ಬರೂ ಬಳಸುತ್ತಿರುವ ಏರ್ಪಾಡುಗಳು ಇವು. 1980ರ ದಶಕದಲ್ಲಿ ವಿದ್ಯಾರ್ಥಿಯೊಬ್ಬ ಪದವಿಗಾಗಿ ಮಾಡಿದ ಕೆಲಸದಲ್ಲಿ ಇವೆಲ್ಲ ಇದ್ದವು.

1984ರಲ್ಲಿ ಗ್ರೀಫ್ ಮತ್ತು ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ಪಾಲ್ ಕ್ಯಾಶ್‌ಮನ್ ಸುಮಾರು 20 ಜನರನ್ನು ಸೇರಿಸಿ ಕಾರ್ಯಾಗಾರವೊಂದನ್ನು ನಡೆಸಿದರು. ಕಂಪ್ಯೂಟರಿನ ನೆರವಿನಿಂದ ಜನ ಕೂಡಿ ಮಾಡುವ ಕೆಲಸದ ಅಧ್ಯಯನಕ್ಕೆ ಅಲ್ಲಿಂದ ಸಿಎಸ್‌ಸಿಡಬ್ಲ್ಯು ಎಂಬ ಹೆಸರು ಬಂತು. 1986ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಅದರ ಮೊದಲ ಸಮ್ಮೇಳನ. ಎರಡು ವರ್ಷದ ಬಳಿಕ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ್ದ ಜೊನಾಥನ್ ಗ್ರೂಡಿನ್ ಅದೇ ಹೆಸರಿನ ಮುಂದಿನ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧ, ಇಂಥ ತಂತ್ರಾಂಶಗಳು ಯಾಕೆ ಸೋಲುತ್ತವೆ ಎಂದು ಕೇಳಿತು. ಉತ್ತರಗಳಲ್ಲಿ ಮುಖ್ಯವಾದದ್ದು ಇಷ್ಟೇ: ದುಡಿಯುವವರು ಒಬ್ಬರು, ಲಾಭ ಇನ್ನೊಬ್ಬರಿಗೆ. ಎಲ್ಲರೂ ತಮ್ಮ ದಿನಚರಿಯನ್ನು ಯಂತ್ರಕ್ಕೆ ತುಂಬಬೇಕು; ಸಭೆ ಕರೆಯುವ ಮೇಲಧಿಕಾರಿಗೆ ಅನುಕೂಲ. ಜನ ಕೆಲವು ದಿನ ತುಂಬಿ ಬಿಟ್ಟುಬಿಡುತ್ತಾರೆ. ನಮ್ಮ ಅಂಗನವಾಡಿ ಕಾರ್ಯಕರ್ತೆಯರ ಮೊಬೈಲಿಗೆ 2021ರಲ್ಲಿ ಬಂದ ಪೋಷಣ್ ಟ್ರ್ಯಾಕರನ್ನು ಯಾರಾದರೂ ಈ ಒಂದು ವಾಕ್ಯದ ಬೆಳಕಿನಲ್ಲಿ ಓದಿದರೆ, ಬೇಕಾದಷ್ಟು ಸಂಶೋಧನೆಗೆ ದಾರಿ ತೆರೆದೀತು.

ಜಪಾನಿನ ಹಿರೋಷಿ ಇಶೀ ಅವರದು ಇನ್ನೊಂದು ಬಗೆಯ ಹಾದಿ. ಹೊಕ್ಕೈಡೊ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಎನ್‌ಟಿಟಿ ಎಂಬ ದೂರವಾಣಿ ಸಂಸ್ಥೆ ಸೇರಿದ ಅವರಿಗೆ ಪಿಎಚ್‌.ಡಿ. ಸಿಕ್ಕಿದ್ದು 1992ರಲ್ಲಿ, ವರ್ಷಗಟ್ಟಲೆ ಕೆಲಸ ಮಾಡಿದ ಮೇಲೆ. ಅದೇ ವರ್ಷ ಸಹೋದ್ಯೋಗಿ ಮಿನೋರು ಕೊಬಯಾಶಿ ಜೊತೆ ಪ್ರಕಟಿಸಿದ 'ಕ್ಲಿಯರ್‌ಬೋರ್ಡ್' ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ದೂರದಲ್ಲಿರುವ ಇಬ್ಬರು ನಡುವೆ ಒಂದು ಗಾಜಿನ ಹಲಗೆ ಇಟ್ಟುಕೊಂಡು ಎರಡೂ ಕಡೆಯಿಂದ ಬರೆಯುತ್ತಿರುವಂತೆ ಕಾಣುವ ವ್ಯವಸ್ಥೆ. ನಿಜವಾದ ಗಾಜಿನಲ್ಲಾದರೆ ಆಚೆಯವರಿಗೆ ಅಕ್ಷರ ತಿರುಗುಮುರುಗಾಗಿ ಕಾಣುತ್ತದೆ. ಇಲ್ಲಿ ವಿಡಿಯೊ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಆ ತೊಡಕು ನೀಗಿಸಿದರು. ಎದುರಿನವರು ಚಿತ್ರದ ಯಾವ ಭಾಗವನ್ನು ನೋಡುತ್ತಿದ್ದಾರೆ ಎಂಬುದೂ ಸ್ಪಷ್ಟವಾಗಿ ತಿಳಿಯುತ್ತಿತ್ತು. ದೋಣಿಯಲ್ಲಿ ನದಿ ದಾಟಿಸುವ ಒಗಟನ್ನು ಕಲಿಯುವವರಿಗೆ ಕೊಟ್ಟು ನೋಡಿದಾಗ, ಹೇಳಿಕೊಡುವವರು ಅವರ ಕಣ್ಣು ಹೋದ ಕಡೆ ನೋಡಿಯೇ ಎಲ್ಲಿ ಸಿಕ್ಕಿಬಿದ್ದಿದ್ದಾರೆಂದು ಗ್ರಹಿಸುತ್ತಿದ್ದರು. ಮೂವತ್ತು ವರ್ಷದ ಮೇಲಾಯಿತು; ನಮ್ಮ ಲ್ಯಾಪ್‌ಟಾಪಿನ ವಿಡಿಯೊ ಕರೆಗಳಲ್ಲಿ ಆ ಒಂದು ಸೌಲಭ್ಯ ಇನ್ನೂ ಇಲ್ಲ.

ದೂರ ಎಂಬುದು ಎಷ್ಟು ಕಾಡುತ್ತದೆ? ಎಂಐಟಿಯ ಥಾಮಸ್ ಆಲನ್ ಎಂಜಿನಿಯರುಗಳ ಮಾತುಕತೆಯನ್ನು ಅಳೆದು 1977ರಲ್ಲಿ ಬರೆದ ಪುಸ್ತಕ ಇದಕ್ಕೆ ಉತ್ತರ ಕೊಡುತ್ತದೆ: ಒಂದೇ ಕಟ್ಟಡದಲ್ಲಿದ್ದರೂ ಮೇಜುಗಳ ಅಂತರ 30 ಮೀಟರ್ ದಾಟುವಷ್ಟರಲ್ಲಿ ಸಂಪರ್ಕ ಪಾತಾಳಕ್ಕಿಳಿಯುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ಗ್ಯಾರಿ ಓಲ್ಸನ್ ಮತ್ತು ಜುಡಿತ್ ಓಲ್ಸನ್ ದಂಪತಿ 2000ದಲ್ಲಿ, ಅಂತರ್ಜಾಲ ದೂರವನ್ನು ಅಳಿಸಿಹಾಕಿತೆಂದು ಎಲ್ಲರೂ ಸಂಭ್ರಮಿಸುತ್ತಿದ್ದಾಗ, ದೂರ ಇನ್ನೂ ಲೆಕ್ಕಕ್ಕಿದೆ ಎಂದು ಬರೆದರು. ಪರಸ್ಪರರಿಗೆ ಮೊದಲೇ ಗೊತ್ತಿರುವ ವಿಷಯ ಎಷ್ಟು, ಒಬ್ಬರ ಕೆಲಸ ಇನ್ನೊಬ್ಬರಿಗೆ ಎಷ್ಟು ತಳುಕು ಹಾಕಿಕೊಂಡಿದೆ, ಹಂಚಿಕೊಳ್ಳುವ ಮನಸ್ಸಿದೆಯೇ, ತಂತ್ರಜ್ಞಾನ ರೂಢಿಯಾಗಿದೆಯೇ ಎಂಬ ನಾಲ್ಕರ ಮೇಲೆ ದೂರದ ಸಹಕಾರ ನಿಂತಿದೆ ಎಂಬುದು ಅವರ ತೀರ್ಮಾನ.

ಈ ವಿಷಯದಲ್ಲಿ ಬೆಂಗಳೂರಿಗೆ ಯಾರೂ ಪಾಠ ಹೇಳಬೇಕಿಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದಾಗ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ಕಚೇರಿ ತೆರೆದು ಉಪಗ್ರಹ ಸಂಪರ್ಕ ಪಡೆಯಿತು. ಅದರ ಡಿಶ್ ಆಂಟೆನಾ ಎತ್ತಿನ ಗಾಡಿಯಲ್ಲಿ ಬಂದ ಕಥೆ ಈಗ ನಗರದ ಐತಿಹ್ಯದ ಭಾಗ. ಡಲ್ಲಾಸ್‌ಗೂ ಬೆಂಗಳೂರಿಗೂ ಹತ್ತೂವರೆಯಿಂದ ಹನ್ನೊಂದೂವರೆ ಗಂಟೆಯ ವ್ಯತ್ಯಾಸ. ಅಂದಿನಿಂದ ಇಂದಿನವರೆಗೆ ಇಲ್ಲಿನ ಎಂಜಿನಿಯರುಗಳ ಎಷ್ಟೋ ಮನೆಗಳಲ್ಲಿ ರಾತ್ರಿ ಊಟದ ಹೊತ್ತೇ ಸಭೆಯ ಹೊತ್ತು. ಕೋವಿಡ್ ಕಾಲದಲ್ಲಿ ಈ ಅನುಭವ ಶಾಲಾ ಮಕ್ಕಳವರೆಗೂ ಹಬ್ಬಿತು. 2021ರಲ್ಲಿ ಸ್ಟಾನ್‌ಫರ್ಡ್‌ನ ಜೆರೆಮಿ ಬೈಲೆನ್ಸನ್ ವಿಡಿಯೊ ಸಭೆಗಳ ದಣಿವಿಗೆ ನಾಲ್ಕು ಕಾರಣ ಮುಂದಿಟ್ಟರು: ತೀರಾ ಹತ್ತಿರದಿಂದ ಎಡೆಬಿಡದೆ ನೋಡುವ ಮುಖಗಳು, ಮುಖಭಾವ ಓದಲು ಬೇಕಾಗುವ ಹೆಚ್ಚಿನ ಶ್ರಮ, ಸದಾ ಎದುರಿಗಿರುವ ತನ್ನದೇ ಚಿತ್ರ, ಅಲುಗಾಡದೆ ಕೂರಬೇಕಾದ ಕಷ್ಟ. ಬೈಲೆನ್ಸನ್ ಕೂಡ ಓದಿದ್ದು ಮನಶ್ಶಾಸ್ತ್ರವನ್ನೇ.

ಬೆಂಗಳೂರಿನ ನಿಜವಾದ ಕೊಡುಗೆ ಇರುವುದು ಬೇರೆ ಕಡೆ. 2005ರಲ್ಲಿ ಮೈಕ್ರೊಸಾಫ್ಟ್ ರಿಸರ್ಚ್ ಇಲ್ಲಿ ಪ್ರಯೋಗಾಲಯ ತೆರೆಯಿತು. ಅದರ ಸ್ಥಾಪಕರಲ್ಲೊಬ್ಬರಾದ ಕೆಂಟಾರೊ ಟೊಯಾಮಾ ಯೇಲ್‌ನಲ್ಲಿ ಕಂಪ್ಯೂಟರ್ ದೃಷ್ಟಿ ಕುರಿತು ಪಿಎಚ್‌.ಡಿ. ಮಾಡಿದವರು, ಇಲ್ಲಿಗೆ ಬಂದ ಮೇಲೆ ಬಡವರ ಕೈಗೆ ಕಂಪ್ಯೂಟರ್ ಹೇಗೆ ಎಟುಕೀತು ಎಂಬುದನ್ನು ಹಿಡಿದರು. ಅವರ ತಂಡದ ಉದಯ್ ಸಿಂಗ್ ಪವಾರ್, ಬರ್ಕ್ಲಿಯಲ್ಲಿ ನಗರ ಯೋಜನೆ ಓದುತ್ತಿದ್ದ ಜೊಯೊಜೀತ್ ಪಾಲ್ ಮೊದಲಾದವರು ಸರ್ಕಾರಿ ಶಾಲೆಗಳಲ್ಲಿ ಕಂಡದ್ದು ನಮ್ಮೆಲ್ಲರಿಗೂ ಪರಿಚಿತವಾದ ನೋಟ. ಒಂದು ಕಂಪ್ಯೂಟರ್, ಸುತ್ತ ಗುಂಪುಗಟ್ಟಿದ ಮಕ್ಕಳು, ಮೌಸ್ ಒಬ್ಬನ ಕೈಯಲ್ಲಿ. ಉಳಿದವರು ಕತ್ತು ಚಾಚಿ ನೋಡುತ್ತ ನೋಡುತ್ತ ಆಸಕ್ತಿ ಕಳೆದುಕೊಳ್ಳುತ್ತಾರೆ. ಎಲ್ಲರಿಗೂ ಕಂಪ್ಯೂಟರ್ ಕೊಡಲು ದುಡ್ಡಿಲ್ಲ. ಆದರೆ ಮೌಸ್ ಅಗ್ಗ. ಒಂದೇ ಪರದೆಗೆ ಐದು ಮೌಸ್, ಐದು ಬಾಣ ಕೊಟ್ಟರೆ?

ಉಪಾಯವನ್ನು ಮೆಚ್ಚಿ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಗ್ರಾಮೀಣ ಶಾಲೆಗಳ 238 ಮಕ್ಕಳ ಮೇಲೆ ಇಂಗ್ಲಿಷ್ ಪದಗಳ ಕಲಿಕೆಯ ಪ್ರಯೋಗ ನಡೆಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಐವರು ಒಂದು ಕಂಪ್ಯೂಟರನ್ನು ಐದು ಮೌಸ್‌ಗಳಿಂದ ಬಳಸಿದಾಗ, ತಲಾ ಒಂದು ಕಂಪ್ಯೂಟರ್ ಸಿಕ್ಕ ಮಕ್ಕಳಿಗೆ ಸರಿಸಮವಾಗಿ ಕಲಿತರು. ಇನ್ನೂ ಸ್ವಾರಸ್ಯದ್ದು ಮುಂದಿನದು. ಐದು ಮೌಸ್‌ಗಳ ಬಳಕೆಗೆ ಎರಡು ವಿನ್ಯಾಸಗಳಿದ್ದವು. ಪಂದ್ಯದ ವಿನ್ಯಾಸದಲ್ಲಿ ಯಾರಾದರೂ ಒಬ್ಬರು ಸರಿ ಉತ್ತರ ಒತ್ತಿದರೆ ಪರದೆ ಮುಂದೆ ಹೋಗುತ್ತಿತ್ತು; ಒಮ್ಮತದ ವಿನ್ಯಾಸದಲ್ಲಿ ಎಲ್ಲರೂ ಸರಿ ಉತ್ತರಕ್ಕೆ ಬರಬೇಕು. ಪಂದ್ಯದಲ್ಲಿ ಹುಡುಗರು ಓದುವುದನ್ನು ಬಿಟ್ಟು ಒತ್ತುವುದಕ್ಕೇ ಬಿದ್ದರು, ಕಲಿಕೆ ಕುಸಿಯಿತು. ಹುಡುಗಿಯರು ಯಾವ ವಿನ್ಯಾಸದಲ್ಲೂ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಕಲಿತರು. ಪರದೆಯ ನಿಯಮದಲ್ಲಿ ಒಂದು ಸಣ್ಣ ಬದಲಾವಣೆ ಮಕ್ಕಳ ನಡುವಿನ ಸಂಬಂಧವನ್ನೇ ತಿದ್ದಬಲ್ಲದು ಎಂದು ತೋರಿಸಿದ ಈ ಪುಟ್ಟ ಅಧ್ಯಯನ, ಕೋಟಿಗಟ್ಟಲೆ ಸುರಿದ ಎಷ್ಟೋ ಸ್ಮಾರ್ಟ್ ಕ್ಲಾಸ್ ಯೋಜನೆಗಳಿಗಿಂತ ಹೆಚ್ಚು ಬೆಲೆಬಾಳುತ್ತದೆ.

ಅದೇ ಪ್ರಯೋಗಾಲಯದ ಇಂದ್ರಾಣಿ ಮೇಧಿ ಬೆಂಗಳೂರಿನ ಕೊಳೆಗೇರಿಗಳಲ್ಲಿ ಮನೆಗೆಲಸದ ಹೆಣ್ಣುಮಕ್ಕಳ ಜೊತೆ ಕೂತರು. ಓದುಬರಹ ಬಾರದವರೂ ಕೆಲಸ ಹುಡುಕಲು ಬಳಸಬಹುದಾದ, ಚಿತ್ರ ಮತ್ತು ಧ್ವನಿಯಷ್ಟೇ ಇರುವ ಪರದೆಯೊಂದನ್ನು ರೂಪಿಸಿದರು. ಚಿತ್ರಗಳು ಅರ್ಥವಾದವು, ಧ್ವನಿಯೂ ಅರ್ಥವಾಯಿತು. ಆದರೂ ಕೈ ಮುಂದೆ ಬರಲಿಲ್ಲ. ಈ ಪೆಟ್ಟಿಗೆಗೂ ತನಗೆ ಸಿಗುವ ಕೆಲಸಕ್ಕೂ ಏನು ಸಂಬಂಧ, ಕೆಲಸದ ಮಾಹಿತಿ ಇದರೊಳಗೆ ಹೇಗೆ ಬಂತು ಎಂಬುದು ತಿಳಿಯದೆ ಯಾರು ತಾನೇ ಒತ್ತುತ್ತಾರೆ? ಮೇಧಿ ಒಂದು ಚಿಕ್ಕ ನಾಟಕದ ವಿಡಿಯೊ ಸೇರಿಸಿದರು: ಮನೆಯೊಡತಿಗೆ ಕೆಲಸದವರು ಬೇಕಾಗುವುದು, ಮಾಹಿತಿ ಕಂಪ್ಯೂಟರಿಗೆ ಸೇರುವುದು, ಇನ್ನೊಬ್ಬಳು ಅದನ್ನು ನೋಡಿ ಹೋಗಿ ಕೆಲಸ ಹಿಡಿಯುವುದು. ಇಡೀ ಸರಪಳಿ ಕಂಡ ಮೇಲೆ ಹಿಂಜರಿಕೆ ಕಡಿಮೆಯಾಯಿತು. ವಿನ್ಯಾಸ ಓದಿಕೊಂಡಿದ್ದ ಮೇಧಿ ಇದೇ ಹಾದಿಯಲ್ಲಿ ಐಐಟಿ ಬಾಂಬೆಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರ್‌ನಿಂದ ಡಾಕ್ಟರೇಟ್ ಪಡೆದರು. 2010ರಲ್ಲಿ ಎಂಐಟಿಯ 'ಟೆಕ್ನಾಲಜಿ ರಿವ್ಯೂ' ಜಗತ್ತಿನ 35 ಯುವ ಅನ್ವೇಷಕರ ಪಟ್ಟಿಯಲ್ಲಿ ಅವರ ಹೆಸರು ಸೇರಿಸಿತು.

ಇವತ್ತು ಈ ಕ್ಷೇತ್ರಕ್ಕೆ ಬರುವ ವಿದ್ಯಾರ್ಥಿಗೆ ಹಾದಿ ಮೊದಲಿಗಿಂತ ಸ್ಪಷ್ಟವಾಗಿದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ 1994ರಲ್ಲೇ ಎಚ್‌ಸಿಐಗೆ ಪ್ರತ್ಯೇಕ ಸಂಸ್ಥೆ ತೆರೆಯಿತು. ಅಮೆರಿಕದಲ್ಲಿ ಐದಾರು ವರ್ಷದ ಪಿಎಚ್‌.ಡಿ.; ಮೊದಲ ಎರಡು ವರ್ಷ ಪಾಠ, ಬೇಸಿಗೆಯಲ್ಲಿ ಕಂಪನಿಗಳ ಲ್ಯಾಬುಗಳಲ್ಲಿ ಇಂಟರ್ನ್‌ಶಿಪ್, ಸಿಎಚ್‌ಐ ಮತ್ತು ಸಿಎಸ್‌ಸಿಡಬ್ಲ್ಯು ಸಮ್ಮೇಳನಗಳಿಗೆ ಪ್ರಬಂಧ. ನಮ್ಮಲ್ಲಿ ಐಐಟಿ ಬಾಂಬೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿನ್ಯಾಸ ವಿಭಾಗಗಳಿಗೆ 'ಸೀಡ್' ಪರೀಕ್ಷೆಯ ಮೂಲಕ ಎಂ.ಡಿಸೈನ್‌ಗೆ ಹೋಗಬಹುದು, ಬೆಂಗಳೂರು, ಹೈದರಾಬಾದ್, ದೆಹಲಿಯ ಐಐಐಟಿಗಳಲ್ಲಿಯೂ ಕೆಲಸ ನಡೆದಿದೆ. ಎಂಜಿನಿಯರಿಂಗ್ ಮುಗಿಸಿ ಬಂದವರಿಗೆ ಕಷ್ಟವೆನಿಸುವುದು ಕೋಡ್ ಬರೆಯುವುದಲ್ಲ. ಗಂಟೆಗಟ್ಟಲೆ ಸಂದರ್ಶನ ಧ್ವನಿಮುದ್ರಿಸಿ, ಅದನ್ನು ಅಕ್ಷರಕ್ಕಿಳಿಸಿ, ಸಾಲುಸಾಲು ಓದಿ, ಜನ ಹೇಳಿದ್ದರಲ್ಲಿ ತಮ್ಮ ಊಹೆಗೆ ವಿರುದ್ಧವಾದದ್ದನ್ನು ಒಪ್ಪಿಕೊಳ್ಳುವುದು. ಇದಕ್ಕೆ ಪಠ್ಯಕ್ರಮದಲ್ಲಿ ಯಾರೂ ಅವರನ್ನು ತಯಾರು ಮಾಡಿರುವುದಿಲ್ಲ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ವಿಷಯಗಳ ಬರ ಇಲ್ಲವೇ ಇಲ್ಲ. 2001ರಲ್ಲಿ 'ಭೂಮಿ' ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ತಂದಿತು; ಗ್ರಾಮ ಲೆಕ್ಕಿಗರ ಕೈಪುಸ್ತಕದಿಂದ ಪರದೆಗೆ ದಾಟಿದಾಗ ರೈತ, ಲೆಕ್ಕಿಗ, ಆಪರೇಟರ್ ನಡುವಿನ ಮಾತು ಹೇಗೆ ಬದಲಾಯಿತು? ಗ್ರಾಮ ಒನ್ ಕೇಂದ್ರದಲ್ಲಿ ಪರದೆ ಆಪರೇಟರ್ ಕಡೆಗೆ ತಿರುಗಿರುತ್ತದೆ, ಅರ್ಜಿದಾರರು ಮೇಜಿನ ಈಚೆ. ತಮ್ಮ ಹೆಸರಿನ ಕಾಗುಣಿತ ತಪ್ಪಿದ್ದು ಅವರಿಗೆ ಗೊತ್ತಾಗುವುದು ಮುದ್ರಿತ ಪ್ರತಿ ಕೈಗೆ ಬಂದ ಮೇಲೆ. ಎರಡನೇ ಪರದೆಯೊಂದನ್ನು ಅವರ ಕಡೆಗೂ ಇಟ್ಟರೆ ಏನಾಗುತ್ತದೆ ಎಂಬುದು ಐದು ಮೌಸ್‌ಗಳಷ್ಟೇ ಸರಳವಾದ, ಅಷ್ಟೇ ದೊಡ್ಡ ಪ್ರಶ್ನೆ. ಆಶಾ ಕಾರ್ಯಕರ್ತೆಯರು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಧ್ವನಿ ಸಂದೇಶಗಳಿಂದ ನಡೆಸುವ ದಿನದ ಕೆಲಸ, ನೀರು ಬಿಡುವ ಹೊತ್ತನ್ನು ಹಳ್ಳಿಗಳು ಫೋನಿನಲ್ಲಿ ಗೊತ್ತುಮಾಡಿಕೊಳ್ಳುವ ಬಗೆ, ಎಲ್ಲವೂ ದೂರದ ಸಹಕಾರವೇ. ಇವುಗಳನ್ನು ಅಧ್ಯಯನ ಮಾಡಲು ಕನ್ನಡ ಬೇಕು, ಆಯಾ ಊರಿನ ಕನ್ನಡವೇ ಬೇಕು. ಬರ್ಕ್ಲಿಯಿಂದಲೋ ಮಿಷಿಗನ್‌ನಿಂದಲೋ ಬರುವವರಿಗಿಂತ ಹಾಸನದ, ರಾಯಚೂರಿನ ವಿದ್ಯಾರ್ಥಿ ಇಲ್ಲಿ ಮುಂದಿದ್ದಾರೆ.

ತೊಡಕಿರುವುದು ವಿಭಾಗಗಳ ಗೋಡೆಯಲ್ಲಿ. ಒಂದೇ ಆವರಣದಲ್ಲಿದ್ದರೂ ಕಂಪ್ಯೂಟರ್ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿ ಸಮಾಜಶಾಸ್ತ್ರ ವಿಭಾಗದ ಮೆಟ್ಟಿಲು ಹತ್ತುವುದು ಅಪರೂಪ. ಅಂತರ್‌ಶಿಸ್ತೀಯ ವಿಷಯಗಳಿಗೆ ಬೇರೆ ವಿಭಾಗದ ಸಹ ಮಾರ್ಗದರ್ಶಕರನ್ನು ಪಡೆಯಲು ಯುಜಿಸಿ ನಿಯಮದಲ್ಲೇ ಅವಕಾಶವಿದೆ. ಮೈಸೂರು, ಮಂಗಳೂರು, ಧಾರವಾಡ, ಕಲಬುರಗಿಯ ವಿಶ್ವವಿದ್ಯಾಲಯಗಳು ಆ ಅವಕಾಶವನ್ನು ಬಳಸಲಿ. ಒಬ್ಬ ಗೈಡ್ ಕಂಪ್ಯೂಟರ್ ವಿಭಾಗದಿಂದ, ಇನ್ನೊಬ್ಬರು ಸಮಾಜಶಾಸ್ತ್ರ ಅಥವಾ ಮನಶ್ಶಾಸ್ತ್ರದಿಂದ. ಮೊದಲ ವರ್ಷದ ಒಂದು ಭಾಗ ಯಾವುದಾದರೂ ತಾಲ್ಲೂಕು ಕಚೇರಿ, ಅಂಗನವಾಡಿ, ಸಹಕಾರ ಸಂಘದಲ್ಲಿ ಕೂತು ಟಿಪ್ಪಣಿ ಬರೆಯಲು ಮೀಸಲು. ಇಷ್ಟು ಮಾಡಲು ಹೊಸ ಕಟ್ಟಡವೂ ಬೇಡ, ದೊಡ್ಡ ಅನುದಾನವೂ ಬೇಡ. ಕುಲಪತಿಗಳು ಮತ್ತು ವಿಭಾಗ ಮುಖ್ಯಸ್ಥರು ಮುಂದಿನ ಪಿಎಚ್‌.ಡಿ. ಅಧಿಸೂಚನೆಯಲ್ಲೇ ಇದನ್ನು ಶುರುಮಾಡಬೇಕು.